ಹಿಟ್ಟಿನ್ಯಾಗಿನ ಕರಿ ಚೂರು

ಶಾಂತು,

ನಾ ಅಫಜಲಪುರ ಬಸ್ಸಿಗೆ ಹೊಂಟೇನಿ. ನೀ ಎದ್ದ ಕೂಡಲೇ ನಿನ್ನ ಹೆಡ್‌ಸೆಟ್ ಅಡಿಗಿಮನಿಯಿಂದ ತಗಿ. ಛೀ, ಮುಟ್ಟಾಕೂ ಹೇಸಿಗಿ ಬರ್ತದ. ಇಯರ್ ಪ್ಯಾಡಿನ ರೆಕ್ಸಿನ್ ಬೆವರು, ತಲಿ ಎಣ್ಣಿ ಕುಡದು ನಾರಾಕತ್ತದ, ಸುಲದು ಉದರಾಕತ್ತದ. ನಿನ್ನ ಕೆನ್ನಿಗೆ, ತಲದಿಂಬಿಗೆ, ಎಲ್ಲಾ ಕಡೆ ಕರಿ ಚೂರು. ಚಾರ್ಜಿಗೆ ಹಾಕಾಕ ಹಿಟ್ಟಿನ ಡಬ್ಬಿ ಮ್ಯಾಲಿನ ಸ್ವಿಚ್ ಬೋರ್ಡೇ ಬೇಕಿತ್ತೇನು ನಿನಗ?

ಇವತ್ತೇ ಹೊಸ ಪ್ಯಾಡ್ ಆರ್ಡರ್ ಮಾಡು. ಮತ್ತ ರೆಕ್ಸಿನ್ ಬ್ಯಾಡ, ನಿನ್ನ ಎಣ್ಣಿ ತಲಿಗೆ ಅದು ಬಾಳಂಗಿಲ್ಲ. ಬಟ್ಟೀದು ತಗೋ, ಬಿಚ್ಚಿ ತೊಳಿಯಾಕ ಬರೂವಂಥದ್ದು. ಒಳಗ ಆಳ ಇರಲಿ, ಇಡೀ ಕಿವಿ ಅದರಾಗ ಕೂಡಬೇಕು. ಇಲ್ಲಂದ್ರ ಕಿವಿ ನೋವು ಅಂತ ಮತ್ತ ನನ್ನ ಮುಂದೇ ಅಳ್ತಿ. ಮಾಡೆಲ್ ಹೆಸರು ನೋಡಿ ತರಿಸು, ಅಂದಾಜಿನ ಮ್ಯಾಲೆ ಬ್ಯಾಡ. ಹಳೇವು ಹೊರಗ ಒಗಿ. ನಾ ಅವನ್ನ ಮುಟ್ಟಂಗಿಲ್ಲ.

ಇನ್ನೊಂದು ಮಾತು. ನಿನ್ನೆ ಅವ್ವ ಜ್ವಾಳದ ಹಿಟ್ಟಿನ್ಯಾಗ ಆ ಚೂರು ನೋಡಿ ಹುಳ ಅಂದ್ಕೊಂಡಾಳ. ಡಬ್ಬಿ ಎತ್ತಾಕ ನಿನ್ನ ಕರದಾಳ. ನೀ ಕಿವಿ ಮುಚ್ಕೊಂಡು ಗೇಮ್ ಆಡಾಕತ್ತಿದ್ದಿ. ಮಣಕಾಲು ನೋವಿನ್ಯಾಗ ತಾನೇ ಹೊತ್ಕೊಂಡು ಹೋಗಿ, ಎಲ್ಲಾ ಹಿಟ್ಟು ತಿಪ್ಪಿಗೆ ಸುರವಿ ಬಂದಾಳ. ನಾ ಆಫೀಸಿನಿಂದ ಬಂದಾಗ ಹೊಸ್ತಿಲದಾಗ ಕುಂತಿದ್ಲು. "ಇಷ್ಟು ದಿನ ನಿಮಗ ಹುಳದ ರೊಟ್ಟಿ ತಿನಿಸೀನಿ ವಿದ್ಯಾ, ನನ್ನ ಕಣ್ಣು ಹ್ವಾದವು. ಇನ್ನ ನಾ ರೊಟ್ಟಿ ಬಡಿಯಂಗಿಲ್ಲ" ಅಂದ್ಲು.

ಅದು ಹುಳ ಅಲ್ಲಂತ ನಾ ಹೇಳಿಲ್ಲ. ನೀ ಹೇಳು. ಹೇಳಿದ ಮ್ಯಾಲೆ ಎದ್ದು ಹೋಗಬ್ಯಾಡ. ಅವ್ವ ಏನಂತಾಳ ಅದನ್ನೂ ಪೂರಾ ಕೇಳು, ಕಿವಿ ಮ್ಯಾಲೆ ಏನೂ ಇಲ್ದ.

ವಿದ್ಯಾ ಅಕ್ಕ