ಅಮ್ಮ ನುಂಗದ ಮಾತ್ರೆಗಳು

ಯಂಗ್‌ನಾನ್,

ಕಪ್ಪೆಚಿಪ್ಪಿನ ಗಂಜಿ ಒಲೆಯ ಮೇಲಿದೆ, ಅಮ್ಮನಿಗೆ ಬಿಸಿ ಮಾಡಿ ಕೊಡು. ಕಿಮ್ಚಿ ಉಪ್ಪಿನಕಾಯಿ ಕೇಳಿದರೆ ಖಾರ ಹೋಗುವಂತೆ ತೊಳೆದು ಕೊಡು.

ಬೆಳಿಗ್ಗೆ ಹಾಸಿಗೆ ಬದಲಿಸುವಾಗ ಅವಳ ಹತ್ತಿಯ ಅಂಗಿಯ ತೋಳಿನಿಂದ ನೋವಿನ ಮಾತ್ರೆಗಳು ಉದುರಿದವು. ಸುತ್ತಿದ್ದ ಕಾಗದ ನಿನ್ನ ಬೇಕರಿಯದು. “ನನ್ನ ಕಣ್ಣೆದುರೇ ನುಂಗಿದ್ಲು ಅಕ್ಕ” ಎಂದು ನಿನ್ನೆ ನೀನು ಬೇರೆಲ್ಲೋ ನೋಡುತ್ತಾ ಹೇಳಿದಾಗಲೇ ನನಗೆ ಅನುಮಾನ ಬಂದಿತ್ತು.

ಕೇಳಿದರೆ ಅಮ್ಮ ನಿನ್ನ ಪರವೇ ನಿಂತಳು. “ಅವಳನ್ನ ಬೈಬೇಡ, ನಾನೇ ಹೇಳಿದ್ದು. ಅದನ್ನ ನುಂಗಿದ್ರೆ ದಿನವೆಲ್ಲ ಮಂಪರು. ದಲ್‌ಸು ಹಡಗಿಳಿದು ಬಂದಾಗ ನಾನು ಗೊರಕೆ ಹೊಡೀತಾ ಬಿದ್ದಿರಬೇಕಾ?” ಎಂದಳು. ಅಷ್ಟು ಹೇಳಲಿಕ್ಕೂ ನಡುನಡುವೆ ಟವೆಲ್ ಕಚ್ಚಬೇಕಾಯಿತು. ನಮ್ಮ ತಮ್ಮನನ್ನು ನೋಡುವ ಅವಳ ಆಸೆ ನನಗೆ ಅರ್ಥವಾಗುವುದಿಲ್ಲವೇ? ನನ್ನಿಂದ ಯಾಕೆ ಮುಚ್ಚಿಟ್ಟಿರಿ? ಇನ್ನೂ ಏನೇನು ಮುಚ್ಚಿಟ್ಟಿದ್ದೀರೋ.

ನರ್ಸ್‌ಗೆ ಫೋನ್ ಮಾಡಿದ್ದೇನೆ. ನೋವೂ ತಗ್ಗಿ ಎಚ್ಚರವೂ ಇರುವ ಹಾಗೆ ಔಷಧಿ ಬದಲಿಸಿ ನೋಡಬಹುದಂತೆ. ಡಾಕ್ಟರನ್ನು ಕೇಳಿಕೊಂಡು ಮಧ್ಯಾಹ್ನ ಬರುತ್ತಾರೆ. ಅವರ ಮುಂದೆ ಸುಳ್ಳು ಹೇಳಬೇಡ. ಅಮ್ಮ “ನೋವೇ ಇಲ್ಲ” ಅಂದರೆ ನಂಬಬೇಡ, ಕಾಲ್ಬೆರಳು ಮಡಚಿಕೊಂಡಿದ್ದಾಳಾ ನೋಡು. ಉದುರಿದ ಮಾತ್ರೆಗಳು ನನ್ನ ಚೀಲದಲ್ಲಿವೆ, ಹುಡುಕಬೇಡ.

ನಾನು ಮೊಕ್ಪೋ ಬಂದರಿಗೆ ಹೊರಟೆ. ಹಡಗು ಇವತ್ತೇ ಬರುತ್ತದೆಂದು ದಲ್‌ಸು ನಿನಗೆ ಮೊದಲೇ ತಿಳಿಸಿದ್ದನಂತೆ. ಅದನ್ನೂ ಅಮ್ಮನ ಬಾಯಿಂದಲೇ ಕೇಳಬೇಕಾಯಿತು. ಅವನನ್ನು ದಾರಿಯಲ್ಲಿ ಎಲ್ಲೂ ಕುಡಿಯಲು ಕೂರದಂತೆ ಎಳೆದುಕೊಂಡು ಬರುತ್ತೇನೆ. ಅಮ್ಮ ಎಚ್ಚರವಾಗಿಯೇ ಅವನನ್ನು ನೋಡಲಿ, ಆದರೆ ಹಲ್ಲು ಕಚ್ಚಿಕೊಂಡಲ್ಲ.

ಅಕ್ಕ