ಮೋಕ್ಷಿತಾಳನ್ನು ಕಳಿಸುತ್ತಿದ್ದೇನೆ

ಉಪ್ಪುಂದ, ಭಾನುವಾರ

ಪ್ರೀತಿಯ ಗುಡ್ಡಣ್ಣನಿಗೆ,

ಪಕ್ಕದ ಮನೆಯ ಸೀತಕ್ಕನ ಕೈಗೆ ಈ ಪತ್ರ ಕೊಟ್ಟು, ಅವಳ ಜೊತೆ ಮೋಕ್ಷಿತಾಳನ್ನು ಬೀಜಾಡಿಗೆ ಕಳಿಸುತ್ತಿದ್ದೇನೆ. ರಜೆಗೆ ಮಾವನ ಮನೆ ಎಂದಷ್ಟೇ ಅವಳಿಗೆ ಹೇಳಿದ್ದೇನೆ.

ನಾನು ಬೈಂದೂರು ಕ್ಷೇತ್ರಕ್ಕೆ ಪಕ್ಷೇತರಳಾಗಿ ನಾಮಪತ್ರ ಹಾಕಿದ್ದು ನಿನಗೆ ಗೊತ್ತು. ನಮ್ಮ ಕೇರಿಯ ಆರು ಮನೆ ಕಡಲಪಾಲಾದರೂ ವಿಧಾನಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ, ಅದಕ್ಕೇ ನಿಂತೆ. ನಿನ್ನೆ ಮಧ್ಯಾಹ್ನ ಗುರುತಿಲ್ಲದ ಇಬ್ಬರು ಮನೆಗೆ ಬಂದು, ನಾಮಪತ್ರ ವಾಪಸು ತೆಗೆ ಎಂದರು. ಆಗುವುದಿಲ್ಲ ಎಂದೆ. ಅವರೇನೂ ಸಿಟ್ಟಾಗಲಿಲ್ಲ. ಚಾ ಕುಡಿದು ಏಳುವಾಗ ಒಬ್ಬ ನಗುತ್ತಾ ಕೇಳಿದ: “ಮಗಳ್ ಯಕ್ಷಗಾನ ಕ್ಲಾಸ್ ಬಿಟ್ಟ್ ಒಬ್ಳೇ ನಡ್ಕಂಡ್ ಬಪ್ದ್, ಅಲ್ದಾ ಅಕ್ಕ?”

ಠಾಣೆಗೆ ದೂರು ಕೊಟ್ಟಿದ್ದೇನೆ. ವಾಪಸು ತೆಗೆಯಲು ನಾಳೆ ಮೂರು ಗಂಟೆಯವರೆಗೆ ಸಮಯವಿದೆ. ನಾನು ತೆಗೆಯುವುದಿಲ್ಲ.

ಮೋಕ್ಷಿತಾಳಿಗೆ ಸಿಗಡಿ ಕೊಡಬೇಡ, ಮೈಯೆಲ್ಲ ತುರಿಸುತ್ತದೆ. ಒಬ್ಬಳನ್ನೇ ಗೇಟಿನಾಚೆ ಬಿಡಬೇಡ. ನಾಳೆ ಯಾರು ಬಂದು ಕರೆದರೂ ಕಳಿಸಬೇಡ. ನಾನೇ ಫೋನ್ ಮಾಡಿ, ನಗುನಗುತ್ತಾ, ‘ಮಗುವನ್ನು ಇವರ ಜೊತೆ ಕಳಿಸು’ ಎಂದರೂ ಕಳಿಸಬೇಡ, ಅಣ್ಣ. ನಾನು ನಿನ್ನ ಬಾಗಿಲಿಗೆ ಒಬ್ಬಳೇ ಬಂದರೆ ಮಾತ್ರ ಕೊಡು.

ಇಂತಿ ನಿನ್ನ ತಂಗಿ,
ಜಲಜಾ