ಮೂರನೇ ಸುತ್ತಿಗೇ ನಿಲ್ಲಿಸಬೇಕಿತ್ತು

ತಾರೀಕು ಹದಿನಾಲ್ಕು, ಬುಧವಾರ
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ತಮ್ಮಾ,

ಸಮಸ್ತ ಲೋಕಕ್ಕೂ, ವಿಶೇಷವಾಗಿ ನಿನಗೂ, ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಮೇಲ್ದವಡೆಯ ಮುಂದಿನ ನಾಲ್ಕು ಹಲ್ಲುಗಳು ಅರವತ್ತು ವರ್ಷಗಳ ನಿಷ್ಕಳಂಕ ಸೇವೆಯ ನಂತರ ನಿವೃತ್ತಿ ಹೊಂದಲಿವೆ. ಬೀಳ್ಕೊಡುಗೆಗೆ ಹಲ್ಲಿನ ಡಾಕ್ಟರಮ್ಮ ಇಕ್ಕಳ ಸಿದ್ಧಮಾಡಿಟ್ಟುಕೊಂಡಿದ್ದಾರೆ. ನೀನು ಹೇಗಿದ್ದೀಯ? ಬಿ.ಪಿ. ಮಾತ್ರೆ ನುಂಗುತ್ತಿದ್ದೀಯೋ, ಇಲ್ಲಾ ಚಿಕ್ಕಂದಿನ ಹಾಗೆ ನಾಲಿಗೆಯಡಿ ಬಚ್ಚಿಟ್ಟು ಕಿಟಕಿಯಾಚೆ ಉಗಿಯುತ್ತಿದ್ದೀಯೋ? ಹನ್ನೊಂದು ವರ್ಷದಿಂದ ನೀನೂ ಕಾಗದ ಬರೆದಿಲ್ಲ, ನಾನೂ ಬರೆದಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಹನ್ನೊಂದು ಸಲ ಕೇಳಿದೆನೆಂದುಕೋ.

ಸ್ಯಾಕ್ಸೊಫೋನಿನ ಬಾಯಿತುದಿಯನ್ನು ಅದುಮಿ ಹಿಡಿಯುವುದೇ ಆ ಹಲ್ಲುಗಳು. ಕಟ್ಟಿಸಿದ ಹಲ್ಲಿನಲ್ಲೂ ನುಡಿಸುವ ಪುಣ್ಯಾತ್ಮರಿದ್ದಾರಂತೆ. ಡಾಕ್ಟರಮ್ಮ ನನ್ನ ಒಸಡು ನೋಡಿ, "ಆಗಲ್ಲ ತಾತ, ಇನ್ಮೇಲೆ ಕೊಳಲು ಊದ್ಕೊಂಡಿರಿ" ಅಂದರು. ತಾತನಂತೆ! ಕೊಳಲಿನಿಂದಲೇ ಶುರುವಾದವನು ನಾನು. ಗಿರಣಿಯ ಬ್ಯಾಂಡಿನಲ್ಲಿ ಅಪ್ಪ ನನಗೆ ಕೊಳಲು ಕೊಡಿಸಿದ್ದು ಕಲಾಪ್ರೇಮದಿಂದಲ್ಲ, ಸ್ಯಾಕ್ಸೊಫೋನಿನ ಕೀಲಿಗಳಿಗೆ ನನ್ನ ಬೆರಳು ಎಟುಕುತ್ತಿರಲಿಲ್ಲವೆಂದು. ಹದಿನಾರಕ್ಕೆ ಎಟುಕಿತು, ಅದೇ ವರ್ಷ ನೀನು ಡ್ರಮ್ಮಿನ ಹಿಂದೆ ಕೂತೆ. ಆಮೇಲೆ ಹೋಟೆಲಿನ ಸಭಾಂಗಣದಲ್ಲಿ ಸಂಜೆಗಳೆಲ್ಲ ನಮ್ಮಿಬ್ಬರ ಜಾಝ್. ಹಗಲು ನಾನು ಸ್ಟುಡಿಯೋದಲ್ಲಿ ಸೋಪಿನ ಜಾಹೀರಾತುಗಳಿಗೆ ಕೊಳಲಲ್ಲಿ ಮುಂಜಾವಿನ ಹಕ್ಕಿಯಾಗುತ್ತಿದ್ದೆ. ಈ ಊರಿನ ಅರ್ಧ ಜನ ನನ್ನ ಕೊಳಲು ಕೇಳಿಯೇ ಮುಖ ತೊಳೆದಿದ್ದಾರೆ. ಊದಿದವನು ಯಾರೆಂದು ಇಂದಿನವರೆಗೂ ಒಬ್ಬರೂ ಕೇಳಿಲ್ಲ.

ನಮ್ಮ ಹೆಸರು ಅಚ್ಚಾದದ್ದು ಒಂದೇ ಒಂದು ಗ್ರಾಮಫೋನ್ ತಟ್ಟೆಯ ಮೇಲೆ. ಅದರ ಮಾತು ನಾವು ಆಡಿಯೇ ಇಲ್ಲ, ಇವತ್ತು ಆಡಿಬಿಡುತ್ತೇನೆ. ತಟ್ಟೆಯ ಒಂದು ಮಗ್ಗುಲಿಗೆ ಇಪ್ಪತ್ತೇ ನಿಮಿಷ. ಪಿಯಾನೋ ಮಾವ ಹಾಡನ್ನು ಎರಡು ಸುತ್ತು ನುಡಿಸುವುದು, ನಾನು ಮೂರು, ಆಮೇಲೆ ಎಲ್ಲರೂ ಸುಮ್ಮನಾಗಿ ನೀನೊಬ್ಬನೇ, ಹಾಗೆಂದು ಮಾತಾಗಿತ್ತು. ಆ ಐದು ನಿಮಿಷಕ್ಕಾಗಿ ನೀನು ವರ್ಷಗಟ್ಟಲೆ ದಿಂಬಿನ ಮೇಲೆ ಕೋಲಾಡಿಸಿದ್ದೆ. ಮನೆಯಲ್ಲಿ ಹತ್ತಿ ಉಳಿದ ದಿಂಬು ಒಂದೂ ಇರಲಿಲ್ಲ. ನಾನು ಮೂರರ ಬದಲು ಒಂಬತ್ತು ಸುತ್ತು ನುಡಿಸಿದೆ. ತಟ್ಟೆ ಮುಗಿದುಹೋಯಿತು. ಮತ್ತೊಮ್ಮೆ ನುಡಿಸೋಣವೆಂದರೆ ಮುಂದಿನ ತಂಡದವರು ಪಿಟೀಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. ನೀನು ಡ್ರಮ್ಮಿನ ಕಂಚಿನ ತಾಳಗಳನ್ನು ಬಟ್ಟೆಯಲ್ಲಿ ಸುತ್ತಿ, "ಚೆನ್ನಾಗಿ ಬಂತಣ್ಣ" ಅಂದು ಬಸ್ಸು ಹತ್ತಿದವನು ಮತ್ತೆ ಸಭಾಂಗಣಕ್ಕೆ ಬರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಮಾರಾಯ.

ನುಡಿಸುವಾಗ ನನಗೆ ಕಣ್ಣು ಮುಚ್ಚಿಹೋಗುತ್ತದೆ, ಸಮಯ ಗೊತ್ತಾಗಲಿಲ್ಲ ಎಂದು ಎಲ್ಲರಿಗೂ ಹೇಳುತ್ತ ಬಂದೆ. ಜನ ನಂಬಿದರು. ನಿನ್ನ ಅತ್ತಿಗೆ ಮಾತ್ರ, "ಕಣ್ಣು ಮುಚ್ಚಿದ್ರೂ ಹೋಳಿಗೆಯ ದೊಡ್ಡ ತುಂಡು ಯಾವ ಕಡೆ ಇದೆ ಅಂತ ನಿಮಗೆ ಗೊತ್ತಾಗುತ್ತೆ ಬಿಡಿ" ಅಂದು ಪಾತ್ರೆ ತೊಳೆಯಲು ಎದ್ದುಹೋದಳು.

ಬರುವ ತಿಂಗಳ ಮೊದಲ ಶನಿವಾರ ಸಂಜೆ ಐದಕ್ಕೆ ಅದೇ ಸಭಾಂಗಣದಲ್ಲಿ ಕೊನೆಯ ಸಲ ಸ್ಯಾಕ್ಸೊಫೋನ್ ಹಿಡಿಯುತ್ತೇನೆ. ಅದರ ಮರು ಸೋಮವಾರ ಹಲ್ಲು ಕೀಳುತ್ತಾರೆ. ನಿನ್ನ ಜಾಗದಲ್ಲಿ ಈಗ ಕೂರುವವನನ್ನು ನಾವು ಗಡಿಯಾರ ಅಂತಲೇ ಕರೆಯುವುದು. ಸಮಯ ತಪ್ಪುವುದಿಲ್ಲ ಪಾಪ, ಅದರಾಚೆ ಏನೂ ಹುಟ್ಟುವುದೂ ಇಲ್ಲ. ಅವನಿಗೆ ಆ ದಿನ ರಜೆ ಕೊಟ್ಟಿದ್ದೇನೆ. ಬದಲಿಗೆ ನುಡಿಸಲು ಬೇರೆ ಯಾರಿಗೂ ಹೇಳಿಲ್ಲ. ನಾನು ಮೂರು ಸುತ್ತು ನುಡಿಸಿ ವೇದಿಕೆ ಇಳಿದು, ಮುಂದಿನ ಸಾಲಿನಲ್ಲಿ ಎಲ್ಲರ ಹಾಗೆ ಕುರ್ಚಿಯ ಮೇಲೆ ಕೂರುತ್ತೇನೆ. ಆಮೇಲೆ ಡ್ರಮ್ಮಿನ ಹಿಂದೆ ಯಾರೂ ಇಲ್ಲದಿದ್ದರೆ, ಇಲ್ಲದಿರುವುದನ್ನೇ ಐದು ನಿಮಿಷ ಕೇಳುತ್ತೇನೆ.

ನಿನ್ನ ಹೆಂಡತಿಗೆ ನಮ್ಮ ನೆನಪು ತಿಳಿಸು. ಅತ್ತಿಗೆ ಆಶೀರ್ವಾದ ಕಳಿಸಿದ್ದಾಳೆ. ನನ್ನದನ್ನು ಸ್ವೀಕರಿಸುವುದು ಬಿಡುವುದು ನಿನ್ನ ಇಷ್ಟ.

ನಿನ್ನ
ಅಣ್ಣ

ಮತ್ತೆ, ಲಕೋಟೆ ಅಂಟಿಸುವ ಮುಂಚೆ: ಅವತ್ತು ಕಣ್ಣು ತೆರೆದೇ ಇತ್ತು ಕಣೋ. ಗಾಜಿನಾಚೆ ಧ್ವನಿಮುದ್ರಣದವನು ಮುಗಿಸು ಎಂದು ಬೆರಳು ತಿರುಗಿಸುತ್ತಿದ್ದುದು ಕಂಡಿತು. ಮೂರನೆಯದರಿಂದ ಮುಂದೆ ಸುತ್ತು ಮುಗಿದಾಗಲೆಲ್ಲ ನೀನು ಕೋಲೆತ್ತಿ ನನ್ನ ಮುಖ ನೋಡಿದ್ದೂ ಕಂಡಿತು, ಆರು ಸಲ. ಆ ದಿನ ಚೆನ್ನಾಗಿ ಬರುತ್ತಿತ್ತು, ಬಿಡಲು ಮನಸ್ಸಾಗಲಿಲ್ಲ. ತಪ್ಪು ನನ್ನದು. ಗಡಿಯಾರ ಕುಳ್ಳ, ಅವನ ಸ್ಟೂಲು ನಿನಗೆ ಆಗುವುದಿಲ್ಲ. ನೆಲದಿಂದ ಎಷ್ಟು ಅಂಗುಲ ಎತ್ತರಿಸಬೇಕೆಂದು ಒಂದು ಕಾರ್ಡಿನಲ್ಲಿ ಬರೆದು ಹಾಕು.